ಏರ್‌ಫ್ಲೋ ಸೆನ್ಸರ್ ಇರಲಾ, ಸ್ಪೀಡ್ ಡೆನ್ಸಿಟಿಗೆ ಹೋಗಲಾ? ಮೊದಲು ದೋಷ ಎಲ್ಲಿದೆ ಹುಡುಕಿ

ಚಿಕ್ಕಬಳ್ಳಾಪುರದ ಕಡೆ ಟ್ಯೂನ್ ಮಾಡಿಸಿದ ಪೆಟ್ರೋಲ್ ಗಾಡಿಗಳ ದೂರು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಐಡ್ಲಿಂಗ್ ನಿಲ್ಲುವುದಿಲ್ಲ. ಗೇರ್ ಬದಲಾಯಿಸುವಾಗ ಜರ್ಕ್ ಹೊಡೆಯುತ್ತದೆ. ಮೈಲೇಜ್ ಬಿದ್ದಿದೆ. ನಂದಿ ಬೆಟ್ಟ ಹತ್ತುವಾಗ ಪಿಕಪ್ ಇಲ್ಲ. ದೂರಿನ ಜೊತೆಗೇ ಪರಿಹಾರವನ್ನೂ ತಂದಿರುತ್ತಾರೆ: "ಅಣ್ಣಾ, ಆ ಏರ್‌ಫ್ಲೋ ಸೆನ್ಸರ್ ಕಿತ್ತಾಕಿ ಸ್ಪೀಡ್ ಡೆನ್ಸಿಟಿಗೆ ಹಾಕ್ಬಿಡಿ."

ಹಾಕಬಹುದು. ಸ್ಪೀಡ್ ಡೆನ್ಸಿಟಿ ಅಂದರೆ ಗಾಳಿಯನ್ನು ನೇರವಾಗಿ ಅಳೆಯದೆ ಒತ್ತಡ, ಬಿಸಿ, ಆರ್‌ಪಿಎಂ ನೋಡಿ ಲೆಕ್ಕ ಹಾಕುವ ವಿಧಾನ. ಆದರೆ ದೋಷ ಇರುವ ಎಂಜಿನ್ ಮುಂದೆ ನಿಂತು ವಿಧಾನ ಆರಿಸಬಾರದು. ಒಂದೇ ದೋಷವನ್ನು ಈ ಎರಡು ವಿಧಾನಗಳು ಬೇರೆ ಬೇರೆ ಥರ ತೋರಿಸುತ್ತವೆ. ಒಂದು ಬಯಲು ಮಾಡಿದ್ದನ್ನು ಇನ್ನೊಂದು ಮುಚ್ಚಿಡುತ್ತದೆ. ಸೆನ್ಸರ್ ಕಿತ್ತ ಮೇಲೆ ಜರ್ಕ್ ನಿಂತಿತು ಅಂದರೆ ದೋಷ ಹೋಯಿತು ಅಂತ ಅರ್ಥ ಅಲ್ಲ. ಅದು ಕಾಣುವುದು ನಿಂತಿರಬಹುದು, ಅಷ್ಟೆ.

ಇಲ್ಲಿ ಹೇಳಿರುವುದೆಲ್ಲ ಪೆಟ್ರೋಲ್ ಎಂಜಿನ್‌ಗೆ. ಡೀಸೆಲ್ ಕಾಮನ್ ರೈಲ್ ಗಾಡಿಗಳಲ್ಲೂ ಏರ್‌ಫ್ಲೋ ಸೆನ್ಸರ್ ಇರುತ್ತದೆ. ಅಲ್ಲಿ ಅದರ ಮುಖ್ಯ ಕೆಲಸ ಇಜಿಆರ್ (ಸುಟ್ಟ ಗಾಳಿಯನ್ನು ಸ್ವಲ್ಪ ಮತ್ತೆ ಒಳಗೆ ಬಿಡುವ ವ್ಯವಸ್ಥೆ) ಹತೋಟಿ ಮತ್ತು ಹೊಗೆ ಜಾಸ್ತಿ ಆಗದಂತೆ ನೋಡಿಕೊಳ್ಳುವುದು. ಆ ಲೆಕ್ಕವೇ ಬೇರೆ.

ಎರಡೂ ಗಾಳಿಯ ಲೆಕ್ಕವೇ, ದಾರಿ ಬೇರೆ

ಎಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯುಗೆ ಬೇಕಾದ್ದು ಒಂದೇ ಉತ್ತರ: ಈಗ ಸಿಲಿಂಡರ್ ಒಳಗೆ ಎಷ್ಟು ಗ್ರಾಂ ಗಾಳಿ ಹೋಯಿತು? ಅದು ಗೊತ್ತಾದರೆ ಎಷ್ಟು ಪೆಟ್ರೋಲ್ ಬಿಡಬೇಕು, ಸ್ಪಾರ್ಕ್ ಎಷ್ಟು ಮುಂಚೆ ಕೊಡಬೇಕು ಎಂಬುದು ಟೇಬಲ್‌ನಿಂದ ಸಿಗುತ್ತದೆ.

ಏರ್‌ಫ್ಲೋ ಸೆನ್ಸರ್, ಅಂದರೆ ಮ್ಯಾಫ್, ಗಾಳಿಯನ್ನು ನೇರವಾಗಿ ಅಳೆಯುತ್ತದೆ. ಏರ್ ಫಿಲ್ಟರ್ ದಾಟಿದ ತಕ್ಷಣ ಪೈಪಿನಲ್ಲಿ ಕೂತಿರುತ್ತದೆ. ಒಳಗಿನ ಬಿಸಿ ತಂತಿ ಅಥವಾ ಬಿಸಿ ಫಿಲ್ಮ್ ಅನ್ನು ಗಾಳಿ ತಣ್ಣಗೆ ಮಾಡುತ್ತದೆ. ಅದನ್ನು ಅದೇ ಬಿಸಿಯಲ್ಲಿ ಇಡಲು ಎಷ್ಟು ಕರೆಂಟ್ ಬೇಕಾಯಿತು ಎಂಬುದರಿಂದ ಸೆಕೆಂಡಿಗೆ ಇಷ್ಟು ಗ್ರಾಂ ಎಂದು ಲೆಕ್ಕ ಸಿಗುತ್ತದೆ.

ಸ್ಪೀಡ್ ಡೆನ್ಸಿಟಿಯಲ್ಲಿ ಗಾಳಿಯನ್ನು ಯಾರೂ ಅಳೆಯುವುದಿಲ್ಲ. ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್‌ನ ಒತ್ತಡವನ್ನು ಮ್ಯಾಪ್ ಸೆನ್ಸರ್ ಹೇಳುತ್ತದೆ. ಗಾಳಿಯ ಬಿಸಿಯನ್ನು ಐಎಟಿ ಸೆನ್ಸರ್ ಹೇಳುತ್ತದೆ. ಆರ್‌ಪಿಎಂ ಗೊತ್ತೇ ಇರುತ್ತದೆ. ಉಳಿದದ್ದು ವಾಲ್ಯುಮೆಟ್ರಿಕ್ ಎಫಿಶಿಯೆನ್ಸಿ, ಅಂದರೆ ವಿಇ: ಸಿಲಿಂಡರ್ ತನ್ನ ಗಾತ್ರದ ನೂರಕ್ಕೆ ಎಷ್ಟು ಭಾಗ ತುಂಬಿಕೊಳ್ಳುತ್ತದೆ ಎಂಬ ಅಂಕಿ. ಇದನ್ನು ಟ್ಯೂನ್ ಮಾಡುವವರು ಮೊದಲೇ ಟೇಬಲ್‌ನಲ್ಲಿ ಬರೆದಿಟ್ಟಿರುತ್ತಾರೆ.

ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಗೂಡನ್ನು ತಕ್ಕಡಿಗೆ ಹಾಕಿ ತೂಗುವುದು ಮ್ಯಾಫ್. ಎಷ್ಟು ಕ್ರೇಟ್, ಎಷ್ಟು ಒತ್ತಿ ತುಂಬಿದ್ದಾರೆ ನೋಡಿ ಇಷ್ಟು ಕೆಜಿ ಬರುತ್ತೆ ಅನ್ನುವುದು ಸ್ಪೀಡ್ ಡೆನ್ಸಿಟಿ. ಅನುಭವ ಇದ್ದವರ ಅಂದಾಜು ತಕ್ಕಡಿಗೆ ಹತ್ತಿರವೇ ಇರುತ್ತದೆ. ಆದರೆ ಅಂದಾಜು ಅಂದಾಜೇ.

ಅಂಕಿ ಹಾಕಿ ನೋಡೋಣ. ಎಂಜಿನ್ 1197 ಸಿಸಿ, ನಾಲ್ಕು ಸಿಲಿಂಡರ್. ಒಂದು ಸಿಲಿಂಡರ್‌ಗೆ ಸುಮಾರು 299 ಸಿಸಿ. ಚಿಕ್ಕಬಳ್ಳಾಪುರ ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಸುಮಾರು 91 ಕಿಲೊಪಾಸ್ಕಲ್. 30 ಡಿಗ್ರಿ ಬಿಸಿಯಲ್ಲಿ ಒಂದು ಘನ ಮೀಟರ್ ಗಾಳಿ ಹತ್ತಿರ ಹತ್ತಿರ 1.05 ಕೆಜಿ ತೂಗುತ್ತದೆ. ಸಿಲಿಂಡರ್ ಪೂರ್ತಿ ತುಂಬಿದರೆ 0.31 ಗ್ರಾಂ. ಮಂಗಳೂರಲ್ಲಿ ಅದೇ ಬಿಸಿಯಲ್ಲಿ 0.35 ಗ್ರಾಂ. ಅಂದರೆ ಕರಾವಳಿಯಲ್ಲಿ ಓಡುವ ಗಾಡಿಗಿಂತ ನಮ್ಮ ಗಾಡಿಗೆ ಹುಟ್ಟಾ ಶೇಕಡ 10ರಷ್ಟು ಗಾಳಿ ಕಡಿಮೆ. ಪಿಕಪ್ ಕಡಿಮೆ ಅನ್ನುವವರ ದೂರಿನಲ್ಲಿ ಇಷ್ಟು ಪಾಲು ಊರಿನದ್ದೇ. ಅದಕ್ಕೆ ಯಾವ ಸೆನ್ಸರ್ ಬದಲಾಯಿಸಿಯೂ ಉಪಯೋಗ ಇಲ್ಲ.

ಯಾವ ಗಾಡಿಗೆ ಯಾವುದು ಇರುತ್ತದೆ? ಮಾರುತಿಯ ಹಳೆಯ ಎಂಪಿಎಫ್‌ಐ ಪೆಟ್ರೋಲ್ ಗಾಡಿಗಳಲ್ಲಿ ಹೆಚ್ಚಿನವು ಮ್ಯಾಪ್. ಹೋಂಡಾ ಕೂಡ ಬಹಳ ಕಾಲ ಮ್ಯಾಪ್ ಅನ್ನೇ ನೆಚ್ಚಿಕೊಂಡಿತ್ತು. ಟೊಯೊಟಾ ಕೊರೊಲಾದಂಥವು ಮ್ಯಾಫ್. ಕೆಲವು ಟರ್ಬೊ ಗಾಡಿಗಳಲ್ಲಿ ಎರಡೂ ಇರುತ್ತವೆ. ಎರಡೂ ಇದ್ದರೆ ದೋಷ ಹುಡುಕುವವರಿಗೆ ಹಬ್ಬ, ಒಂದರ ಮಾತನ್ನು ಇನ್ನೊಂದರ ಜೊತೆ ತಾಳೆ ನೋಡಬಹುದು.

ಕೀ ಆನ್, ಎಂಜಿನ್ ಆಫ್

ಮೊದಲ ಪರೀಕ್ಷೆಗೆ ಒಂದು ಸ್ಕ್ಯಾನರ್ ಸಾಕು. ಎಂಜಿನ್ ಸ್ಟಾರ್ಟ್ ಮಾಡಬೇಡಿ. ಕೀ ಮಾತ್ರ ಆನ್ ಮಾಡಿ ಮ್ಯಾಪ್ ಓದಿ. ಚಿಕ್ಕಬಳ್ಳಾಪುರದಲ್ಲಿ 90ರಿಂದ 92 ಕಿಲೊಪಾಸ್ಕಲ್ ಬರಬೇಕು. 101 ಅಂತ ತೋರಿಸಿದರೆ ಸೆನ್ಸರ್ ಕೆಟ್ಟಿದೆ, ಇಲ್ಲವೇ ಟ್ಯೂನ್ ಮಾಡಿದವರು ಬೇರೆ ಸೆನ್ಸರ್‌ನ ಸ್ಕೇಲ್ ಹಾಕಿದ್ದಾರೆ.

ಇಲ್ಲಿ ಒಂದು ಗೊಂದಲ ಆಗುತ್ತದೆ. ಮೊಬೈಲ್‌ನ ಹವಾಮಾನ ಆ್ಯಪ್ ತೆರೆದರೆ ಚಿಕ್ಕಬಳ್ಳಾಪುರಕ್ಕೆ 1010, 1012 ಹೆಕ್ಟೊಪಾಸ್ಕಲ್ ಅಂತ ಬರುತ್ತದೆ. ಅಂದರೆ 101 ಕಿಲೊಪಾಸ್ಕಲ್. ಅದನ್ನು ನೋಡಿ ಸರಿಯಾದ ಸೆನ್ಸರನ್ನೇ ಕೆಟ್ಟಿದೆ ಅಂತ ಬಿಸಾಡುವವರಿದ್ದಾರೆ. ಆ್ಯಪ್ ಕೊಡುವುದು ಸಮುದ್ರ ಮಟ್ಟಕ್ಕೆ ಇಳಿಸಿ ಲೆಕ್ಕ ಹಾಕಿದ ಒತ್ತಡ. ಎಂಜಿನ್ ಉಸಿರಾಡುವುದು ಇಲ್ಲಿನ ನಿಜವಾದ ಒತ್ತಡದಲ್ಲಿ. ಬ್ಯಾರೊಮೀಟರ್ ಇರುವ ಫೋನ್ ಆದರೆ ನಿಜವಾದ ಅಂಕಿ ಸಿಗುತ್ತದೆ.

ವ್ಯಾಕ್ಯೂಮ್ ಗೇಜ್ ಬಳಸುವ ಹಳೆಯ ಮೇಸ್ತ್ರಿಗಳಿಗೂ ಇದೇ ಮಾತು. ಪುಸ್ತಕದಲ್ಲಿ ಐಡ್ಲಿಂಗ್‌ಗೆ 18ರಿಂದ 21 ಇಂಚು ಪಾದರಸ ಅಂತ ಇರುತ್ತದೆ. ಅದು ಕಡಲ ದಡದ ಲೆಕ್ಕ. ಆರೋಗ್ಯವಾಗಿರುವ ಎಂಜಿನ್ ಐಡ್ಲಿಂಗ್‌ನಲ್ಲಿ 35 ಕಿಲೊಪಾಸ್ಕಲ್ ಮ್ಯಾಪ್ ಕೊಟ್ಟರೆ ಮಂಗಳೂರಲ್ಲಿ ಗೇಜ್ ಹತ್ತೊಂಬತ್ತೂವರೆ ತೋರಿಸುತ್ತದೆ, ನಮ್ಮಲ್ಲಿ ಹದಿನಾರೂವರೆ. ಎಂಜಿನ್ ಎರಡು ಕಡೆಯೂ ಸರಿಯಾಗೇ ಇದೆ. ಗೇಜ್ ನೋಡಿ ವಾಲ್ವ್ ಬಿಚ್ಚಲು ಹೋಗಬೇಡಿ.

ಕೀ ಆನ್ ಮಾಡಿದಾಗಲೇ ಐಎಟಿ, ಕೂಲಂಟ್ ಎರಡರ ಬಿಸಿಯನ್ನೂ ನೋಡಿ. ರಾತ್ರಿಯೆಲ್ಲಾ ನಿಂತ ಗಾಡಿಯಲ್ಲಿ ಬೆಳಿಗ್ಗೆ ಎರಡೂ ಹತ್ತಿರ ಹತ್ತಿರ ಒಂದೇ ಇರಬೇಕು. ಐಎಟಿ ಮೈನಸ್ 40 ಅಂತ ತೋರಿಸಿದರೆ ವೈರ್ ಕಟ್ಟಾಗಿದೆ ಅಥವಾ ಕನೆಕ್ಟರ್ ಬಿಟ್ಟಿದೆ. ಚಿಕ್ಕಬಳ್ಳಾಪುರದ ಚಳಿ ಎಷ್ಟೇ ಇರಲಿ, ಅಷ್ಟಂತೂ ಇಲ್ಲ.

ಟ್ರಿಮ್ ಓದಿ, ಮೂರು ಕಡೆ ಓದಿ

ಸ್ಕ್ಯಾನರ್‌ನಲ್ಲಿ ಪಿ0171 ಬಂದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ, ಪಿ0172 ಬಂದರೆ ಜಾಸ್ತಿ. ಪಿ0101ರಿಂದ 0103 ಮ್ಯಾಫ್ ಕಡೆ ಬೊಟ್ಟು ಮಾಡುತ್ತವೆ, ಪಿ0106ರಿಂದ 0108 ಮ್ಯಾಪ್ ಕಡೆ. ಕೋಡ್ ಬಂದ ಸೆನ್ಸರನ್ನೇ ಬದಲಾಯಿಸುವುದು ಸುಮ್ನೆ ದುಡ್ಡು ದಂಡ. ಆ ಸೆನ್ಸರ್ ಹೇಳುತ್ತಿರುವುದು ನಿಜವೂ ಇರಬಹುದು.

ಕೋಡ್‌ಗಿಂತ ಟ್ರಿಮ್ ಹೆಚ್ಚು ಹೇಳುತ್ತದೆ. ಆಕ್ಸಿಜನ್ ಸೆನ್ಸರ್ ನೋಡಿ ಇಸಿಯು ಪೆಟ್ರೋಲನ್ನು ಶೇಕಡ ಎಷ್ಟು ಸೇರಿಸುತ್ತಿದೆ (ಪ್ಲಸ್), ಎಷ್ಟು ಕಳೆಯುತ್ತಿದೆ (ಮೈನಸ್) ಎಂಬುದೇ ಟ್ರಿಮ್. ಶಾರ್ಟ್ ಟರ್ಮ್ ಆ ಕ್ಷಣದ್ದು, ಲಾಂಗ್ ಟರ್ಮ್ ಕಲಿತು ಇಟ್ಟುಕೊಂಡದ್ದು. ಶಾರ್ಟ್ ಟರ್ಮ್, ಲಾಂಗ್ ಟರ್ಮ್ ಎರಡನ್ನೂ ಕೂಡಿಸಿ ನೋಡಿ. ಕೂಡಿಸಿದ್ದು ಪ್ಲಸ್ ಅಥವಾ ಮೈನಸ್ 5ರ ಒಳಗಿದ್ದರೆ ನೆಮ್ಮದಿ. 10 ದಾಟಿದರೆ ಹುಡುಕಬೇಕು. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಮೂರು ಕಡೆ ಬರೆದುಕೊಳ್ಳಿ: ಐಡ್ಲಿಂಗ್‌ನಲ್ಲಿ, ನಿಂತಲ್ಲೇ 2500 ಆರ್‌ಪಿಎಂನಲ್ಲಿ, ರಸ್ತೆಯಲ್ಲಿ ಲೋಡ್ ಮೇಲೆ. ಒಂದೇ ಕಡೆ ಓದಿದ ಟ್ರಿಮ್ ಅರ್ಧ ಮಾತು.

ಗಾಳಿ ಲೀಕ್: ಇಬ್ಬರೂ ಬೇರೆ ಬೇರೆ ಕಥೆ ಹೇಳುವುದು ಇಲ್ಲೇ

ಇನ್‌ಟೇಕ್ ಪೈಪ್ ಬಿರುಕು, ಸಡಿಲ ಕ್ಲಾಂಪ್, ಒಣಗಿದ ಗ್ಯಾಸ್ಕೆಟ್, ಬ್ರೇಕ್ ಬೂಸ್ಟರ್ ಹೋಸ್. ಟ್ಯೂನ್ ಮಾಡಿಸಿದ ಗಾಡಿಯಲ್ಲಿ ನಾನು ಮೊದಲು ಕೈ ಹಾಕುವುದು ಇವಕ್ಕೇ. ಬಿಚ್ಚಿ ಜೋಡಿಸಿದ ಕಡೆಯೇ ಲೀಕ್ ಇರುತ್ತದೆ.

ಮ್ಯಾಫ್ ಗಾಡಿಯಲ್ಲಿ ಸೆನ್ಸರ್ ದಾಟಿದ ಮೇಲೆ ಒಳನುಗ್ಗಿದ ಗಾಳಿ ಲೆಕ್ಕಕ್ಕೆ ಸಿಗುವುದಿಲ್ಲ. ಪೆಟ್ರೋಲ್ ಕಡಿಮೆ ಬೀಳುತ್ತದೆ. ಐಡ್ಲಿಂಗ್‌ನಲ್ಲಿ ಎಂಜಿನ್ ಎಳೆಯುವ ಗಾಳಿಯೇ ಸ್ವಲ್ಪ. ಮೇಲೆ ಹೇಳಿದ 1.2 ಲೀಟರ್ ಎಂಜಿನ್‌ಗೆ ಸೆಕೆಂಡಿಗೆ ಎರಡು, ಎರಡೂವರೆ ಗ್ರಾಂ. ಅದರಲ್ಲಿ ಅರ್ಧ ಗ್ರಾಂ ಕಳ್ಳದಾರಿಯಲ್ಲಿ ಬಂದರೂ ಟ್ರಿಮ್ ಪ್ಲಸ್ 20 ದಾಟುತ್ತದೆ. ಆರ್‌ಪಿಎಂ ಏರಿಸಿದರೆ ಒಟ್ಟು ಗಾಳಿ ಜಾಸ್ತಿ ಆಗಿ ಲೀಕ್‌ನ ಪಾಲು ಸಣ್ಣದಾಗುತ್ತದೆ. 2500ರಲ್ಲಿ ಪ್ಲಸ್ ಬಹಳಷ್ಟು ಇಳಿಯುತ್ತದೆ. ಐಡ್ಲಿಂಗ್‌ನಲ್ಲಿ ಜಾಸ್ತಿ ಪ್ಲಸ್, ಮೇಲೆ ಹೋದಂತೆ ಸರಿ: ಇದು ಲೀಕ್‌ನ ಗುರುತು.

ಸ್ಪೀಡ್ ಡೆನ್ಸಿಟಿ ಗಾಡಿಯಲ್ಲಿ ಅದೇ ಲೀಕ್ ಆದರೆ? ಒಳಬಂದ ಗಾಳಿ ಮ್ಯಾನಿಫೋಲ್ಡ್ ಒತ್ತಡವನ್ನು ಏರಿಸುತ್ತದೆ. ಮ್ಯಾಪ್ ಅದನ್ನು ನೋಡುತ್ತದೆ. ಇಸಿಯು ಅದಕ್ಕೆ ತಕ್ಕ ಪೆಟ್ರೋಲ್ ಬಿಡುತ್ತದೆ. ಟ್ರಿಮ್ ಅಷ್ಟಾಗಿ ಅಲುಗುವುದಿಲ್ಲ. ಬದಲಿಗೆ ಐಡ್ಲಿಂಗ್ ಏರಿ ಕೂರುತ್ತದೆ, ಐಡ್ಲ್ ವಾಲ್ವ್ ಪೂರ್ತಿ ಮುಚ್ಚಿದರೂ ಇಳಿಯುವುದಿಲ್ಲ. ಐಡ್ಲಿಂಗ್ ಮ್ಯಾಪ್ 35 ಇರಬೇಕಾದ್ದು 45, 50 ಆಗಿರುತ್ತದೆ. ಹಾಗಾಗಿ ಇಲ್ಲಿ ಟ್ರಿಮ್ ನೋಡಿ ಲೀಕ್ ಹಿಡಿಯಲು ಕೂತರೆ ಸಂಜೆಯಾದರೂ ಸಿಗುವುದಿಲ್ಲ. ಐಡ್ಲ್ ವಾಲ್ವ್ ಎಷ್ಟು ತೆರೆದಿದೆ, ಮ್ಯಾಪ್ ಎಷ್ಟಿದೆ ನೋಡಿ.

ಲೀಕ್ ಇರುವ ಮ್ಯಾಫ್ ಗಾಡಿಯನ್ನು ಸ್ಪೀಡ್ ಡೆನ್ಸಿಟಿಗೆ ಬದಲಾಯಿಸಿದರೆ "ಸರಿಹೋದಂತೆ" ಕಾಣುವುದು ಇದಕ್ಕೇ. ಲೀಕ್ ಅಲ್ಲೇ ಇದೆ. ಆ ಬಿರುಕಿನಿಂದ ಕಲ್ಲು ಕ್ರಷರ್‌ಗಳ ಧೂಳು ಫಿಲ್ಟರ್ ಇಲ್ಲದೆ ಒಳಗೆ ಹೋಗುತ್ತಲೇ ಇರುತ್ತದೆ. ಪೇರೇಸಂದ್ರದ ಕಡೆ ದಿನಾ ಓಡಾಡುವ ಗಾಡಿಯಾದರೆ ಪಿಸ್ಟನ್ ರಿಂಗ್ ಸವೆದ ಮೇಲೆ ಗೊತ್ತಾಗುತ್ತದೆ.

ಲೀಕ್ ಹುಡುಕಲು ಪೈಪಿಗೆ ಹೊಗೆ ಬಿಡುವ ಸ್ಮೋಕ್ ಮಷಿನ್‌ಗಿಂತ ಒಳ್ಳೆಯದು ಬೇರೆ ಇಲ್ಲ. ಸ್ಪ್ರೇ ಹೊಡೆದು ಆರ್‌ಪಿಎಂ ಬದಲಾಗುತ್ತಾ ನೋಡುವ ಪದ್ಧತಿ ಇದೆ. ಬಿಸಿ ಎಕ್ಸಾಸ್ಟ್ ಮೇಲೆ ಬಿದ್ದರೆ ಬೆಂಕಿ ಹತ್ತುತ್ತದೆ, ನನಗೆ ಅದು ಇಷ್ಟವಿಲ್ಲ.

ಟರ್ಬೊ ಇದ್ದರೆ ಕಥೆ ಇನ್ನೊಂದು ಸುತ್ತು ತಿರುಗುತ್ತದೆ. ಮ್ಯಾಫ್ ಇರುವುದು ಟರ್ಬೊಗಿಂತ ಮೊದಲು. ಟರ್ಬೊ ಆದ ಮೇಲಿನ ಪೈಪ್ ಬಿಟ್ಟಿದ್ದರೆ, ಬೂಸ್ಟ್ (ಟರ್ಬೊ ಒತ್ತಿ ತುಂಬುವ ಒತ್ತಡ) ಬಂದಾಗ ಅಳೆದ ಗಾಳಿ ಹೊರಗೆ ಹೋಗುತ್ತದೆ. ಪೆಟ್ರೋಲ್ ಮಾತ್ರ ಪೂರ್ತಿ ಬೀಳುತ್ತದೆ. ಕಪ್ಪು ಹೊಗೆ, ಪಿಕಪ್ ಇಲ್ಲ. ಥ್ರಾಟಲ್ ದಾಟಿದ ಮೇಲೆ ಲೀಕ್ ಇದ್ದರೆ ಐಡ್ಲಿಂಗ್‌ನಲ್ಲಿ ಪೆಟ್ರೋಲ್ ಕಡಿಮೆ, ಬೂಸ್ಟ್‌ನಲ್ಲಿ ಜಾಸ್ತಿ. ಸ್ಪೀಡ್ ಡೆನ್ಸಿಟಿಯಲ್ಲಿ ಇದೇ ಲೀಕ್‌ಗೆ ಮಿಶ್ರಣ ಕೆಡುವುದಿಲ್ಲ. ಬೂಸ್ಟ್ ಏರುವುದಿಲ್ಲ, ಟರ್ಬೊ ಸುಮ್ನೆ ಜಾಸ್ತಿ ತಿರುಗುತ್ತದೆ.

ಗಾಳಿಯನ್ನು ಹೊರಗೆ ಬಿಡುವ ಬ್ಲೋ ಆಫ್ ವಾಲ್ವ್ ಹಾಕಿಸಿದವರ ದೂರೂ ಇದೇ ಜಾತಿ. ಗೇರ್ ಬದಲಾಯಿಸಿದಾಗ "ಪ್ಶ್" ಅಂತ ಹೋಗುವುದು ಅಳೆದಾಗಿರುವ ಗಾಳಿ. ಒಂದು ಕ್ಷಣ ಪೆಟ್ರೋಲ್ ಜಾಸ್ತಿ ಆಗುತ್ತದೆ, ಸೈಲೆನ್ಸರ್‌ನಲ್ಲಿ ಪಟ್ ಅನ್ನುತ್ತದೆ, ಸಿಗ್ನಲ್‌ನಲ್ಲಿ ನಿಂತಾಗ ಆಫ್ ಆಗುತ್ತದೆ. ಸದ್ದಿಗೋಸ್ಕರ ಹಾಕಿಸಿದ್ದಾದರೆ ಗಾಳಿಯನ್ನು ವಾಪಸ್ ಪೈಪಿಗೇ ಬಿಡುವ ಕಂಪನಿ ವಾಲ್ವ್ ಹಾಕಿಸಿ. ಇಷ್ಟಕ್ಕೆ ಇಡೀ ಟ್ಯೂನ್ ಬದಲಾಯಿಸುವುದು ಬೇಡ.

ಮ್ಯಾಫ್ ಕೊಳೆಯಾದರೆ

ಎಣ್ಣೆ ಹಚ್ಚುವ ಕಾಟನ್ ಫಿಲ್ಟರ್ ಹಾಕಿದವರು ಜೋರಾಗಿ ಎಣ್ಣೆ ಹೊಡೆದರೆ ಅದು ತಂತಿಯ ಮೇಲೆ ಹೋಗಿ ಕೂರುತ್ತದೆ. ಮೇಲೆ ಧೂಳು ಅಂಟುತ್ತದೆ. ಅಂಥ ಸೆನ್ಸರ್ ಲೋಡ್ ಮೇಲೆ ಗಾಳಿಯನ್ನು ಕಡಿಮೆ ತೋರಿಸುತ್ತದೆ. ಐಡ್ಲಿಂಗ್‌ನಲ್ಲಿ ಸರಿಯಾಗೇ, ಕೆಲವೊಮ್ಮೆ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ. ಟ್ರಿಮ್ ಐಡ್ಲಿಂಗ್‌ನಲ್ಲಿ ಸರಿ ಅಥವಾ ಮೈನಸ್, ಲೋಡ್ ಮೇಲೆ ಪ್ಲಸ್. ಲೀಕ್‌ಗೆ ತಿರುಗುಮುರುಗು.

ಫ್ಯೂಯಲ್ ಪಂಪ್ ಸೋತಿದ್ದರೂ ಲೋಡ್ ಮೇಲೆ ಪ್ಲಸ್ಸೇ ಬರುತ್ತದೆ. ಇವೆರಡನ್ನು ಬೇರೆ ಮಾಡಲು ಒಂದು ಲೆಕ್ಕ ಇದೆ. ಖಾಲಿ ರಸ್ತೆಯಲ್ಲಿ ಅಥವಾ ಡೈನೊ (ಗಾಡಿಯನ್ನು ನಿಂತಲ್ಲೇ ಓಡಿಸಿ ಅಳೆಯುವ ಯಂತ್ರ) ಮೇಲೆ ಎರಡನೇ ಗೇರ್‌ನಲ್ಲಿ ಪೂರ್ತಿ ತುಳಿದು ಆರ್‌ಪಿಎಂ, ಮ್ಯಾಫ್ ಗ್ರಾಂ ಎರಡನ್ನೂ ರೆಕಾರ್ಡ್ ಮಾಡಿ. ಹೆದ್ದಾರಿ 44ರಲ್ಲಿ ಇದನ್ನು ಮಾಡಬೇಡಿ, ಪಕ್ಕದಲ್ಲಿ ಟೊಮೆಟೊ ಲಾರಿ ಇರುತ್ತದೆ. 1.2 ಲೀಟರ್ ಎಂಜಿನ್ 6000 ಆರ್‌ಪಿಎಂನಲ್ಲಿ ನಮ್ಮ ಊರಿನ ಗಾಳಿಯಲ್ಲಿ ಪೂರ್ತಿ ತುಂಬಿಕೊಂಡರೆ ಸೆಕೆಂಡಿಗೆ 62, 63 ಗ್ರಾಂ. ಟರ್ಬೊ ಇಲ್ಲದ ಒಳ್ಳೆಯ ಎಂಜಿನ್ ಅದರಲ್ಲಿ ಶೇಕಡ 85ರ ಆಸುಪಾಸು ಕೊಡುತ್ತದೆ, ಸುಮಾರು 53 ಗ್ರಾಂ.

ಸ್ಕ್ಯಾನರ್ 53ರ ಹತ್ತಿರ ತೋರಿಸಿ, ರಸ್ತೆಯಲ್ಲಿ ಲೋಡ್ ಮೇಲೆ ಬರೆದುಕೊಂಡ ಟ್ರಿಮ್ ಪ್ಲಸ್ ಇದ್ದರೆ ಗಾಳಿಯ ಲೆಕ್ಕ ಸರಿಯಿದೆ, ಪೆಟ್ರೋಲ್ ಬರುತ್ತಿಲ್ಲ. ಪಂಪ್, ಫಿಲ್ಟರ್, ಇಂಜೆಕ್ಟರ್ ನೋಡಿ, ಪ್ರೆಷರ್ ಗೇಜ್ ಹಾಕಿ. 40 ತೋರಿಸಿ ಟ್ರಿಮ್ ಪ್ಲಸ್ ಇದ್ದರೆ ಮ್ಯಾಫ್ ಸುಳ್ಳು ಹೇಳುತ್ತಿದೆ. 40 ತೋರಿಸಿ ಟ್ರಿಮ್ ಸರಿಯಿದ್ದು ಗಾಡಿ ಎಳೆಯುತ್ತಿಲ್ಲ ಅಂದರೆ ಮ್ಯಾಫ್ ಹೇಳುತ್ತಿರುವುದು ನಿಜ. ಎಂಜಿನ್‌ಗೇ ಉಸಿರು ಕಟ್ಟಿದೆ.

ಕೊಳೆಯಾದ ಮ್ಯಾಫ್‌ನ ಇನ್ನೊಂದು ಅಪಾಯವನ್ನು ಯಾರೂ ಅಷ್ಟು ಗಮನಿಸುವುದಿಲ್ಲ. ಕಡಿಮೆ ಬಿದ್ದ ಪೆಟ್ರೋಲನ್ನು ಟ್ರಿಮ್ ಸರಿಮಾಡುತ್ತದೆ. ಸ್ಪಾರ್ಕನ್ನು ಯಾರು ಸರಿಮಾಡುತ್ತಾರೆ? ಗಾಳಿ ಕಡಿಮೆ ಅಂತ ಕಂಡರೆ ಇಸಿಯು ಲೋಡ್ ಕಡಿಮೆ ಅಂದುಕೊಂಡು ಸ್ಪಾರ್ಕನ್ನು ಇನ್ನೂ ಮುಂಚೆ ಕೊಡುತ್ತದೆ. ಲೋಡ್ ನಿಜಕ್ಕೂ ಜಾಸ್ತಿ ಇದೆ. ಎಂಜಿನ್ ನಾಕ್ ಆಗುತ್ತದೆ, ಅಂದರೆ ಮಿಶ್ರಣ ತಪ್ಪು ಹೊತ್ತಿಗೆ ಸಿಡಿದು ಬಡಿಯುತ್ತದೆ. ಶಾರ್ಟ್ ಟರ್ಮ್ ಟ್ರಿಮ್ ಸೊನ್ನೆಗೆ ಬಂದಿದೆ ಅಂತ ಸುಮ್ಮನಿರುವುದು ತಪ್ಪು. ಲಾಂಗ್ ಟರ್ಮ್ ಎಷ್ಟು ಪ್ಲಸ್ ಆಗಿ ಕೂತಿದೆ ಅಂತ ನೋಡಬೇಕು.

ತೊಳೆಯಲು ಮ್ಯಾಫ್‌ಗೆಂದೇ ಬರುವ ಸ್ಪ್ರೇ ಬಳಸಿ. ಬ್ರಷ್ ಬೇಡ, ಬಟ್ಟೆ ಬೇಡ, ಕಂಪ್ರೆಸರ್ ಗಾಳಿ ಬೇಡ. ಪೂರ್ತಿ ಒಣಗಿದ ಮೇಲೆ ಕನೆಕ್ಟರ್ ಹಾಕಿ. ಕಂಪನಿ ಪೈಪ್ ತೆಗೆದು ದಪ್ಪ ಪೈಪಿಗೆ ಅದೇ ಸೆನ್ಸರ್ ಹಾಕಿದ್ದರೆ ತೊಳೆದು ಪ್ರಯೋಜನವಿಲ್ಲ. ಪೈಪಿನ ಅಗಲ ಬದಲಾದರೆ ಅದೇ ಗಾಳಿ ತಂತಿಯ ಮೇಲೆ ನಿಧಾನವಾಗಿ ಹೋಗುತ್ತದೆ, ಅಳತೆ ಕಡಿಮೆ ಬರುತ್ತದೆ. ಸ್ಕೇಲ್ ಹೊಸದಾಗಿ ಬರೆಯಬೇಕು.

ಕಟ್ಟಿಕೊಂಡ ಕ್ಯಾಟಲಿಟಿಕ್ ಕನ್ವರ್ಟರ್, ಹಲ್ಲು ತಪ್ಪಿದ ಟೈಮಿಂಗ್

ಇಲ್ಲಿ ಸ್ಪೀಡ್ ಡೆನ್ಸಿಟಿಯೇ ಮೋಸ ಹೋಗುವುದು. ಎಕ್ಸಾಸ್ಟ್ ಕಟ್ಟಿಕೊಂಡರೆ ಸುಟ್ಟ ಗಾಳಿ ಸಿಲಿಂಡರ್‌ನಲ್ಲೇ ಉಳಿಯುತ್ತದೆ. ಹೊಸ ಗಾಳಿಗೆ ಜಾಗ ಇಲ್ಲ. ಮ್ಯಾನಿಫೋಲ್ಡ್ ಒತ್ತಡ ಏರುತ್ತದೆ. ಒತ್ತಡ ಏರಿತು ಅಂದರೆ ಗಾಳಿ ಜಾಸ್ತಿ ಅಂತ ಇಸಿಯು ಪೆಟ್ರೋಲ್ ಜಾಸ್ತಿ ಬಿಡುತ್ತದೆ. ಟ್ರಿಮ್ ಮೈನಸ್‌ಗೆ ಹೋಗುತ್ತದೆ. ಟೈಮಿಂಗ್ ಚೈನ್ ಒಂದು ಹಲ್ಲು ತಪ್ಪಿದರೂ, ಇಜಿಆರ್ ತೆರೆದೇ ಸಿಕ್ಕಿಕೊಂಡರೂ ಇದೇ ಥರ.

ಮ್ಯಾಫ್ ಗಾಡಿಯಲ್ಲಿ ಇದೇ ದೋಷಕ್ಕೆ ಗಾಳಿ ಕಡಿಮೆ ಹೋಯಿತು, ಕಡಿಮೆ ಅಂತ ಅಳೆಯಿತು, ಪೆಟ್ರೋಲೂ ಕಡಿಮೆ ಬಿಟ್ಟಿತು. ಟ್ರಿಮ್ ಹೆಚ್ಚುಕಡಿಮೆ ಸರಿ. ಪಿಕಪ್ ಮಾತ್ರ ಇಲ್ಲ.

ಖಾತ್ರಿ ಮಾಡಿಕೊಳ್ಳಲು ಕನ್ವರ್ಟರ್‌ಗಿಂತ ಮೊದಲು ಇರುವ ಆಕ್ಸಿಜನ್ ಸೆನ್ಸರ್ ಬಿಚ್ಚಿ ಆ ತೂತಿಗೆ ಗೇಜ್ ಹಾಕಿ. 2500ರಲ್ಲಿ 20 ಕಿಲೊಪಾಸ್ಕಲ್ ದಾಟಿದರೆ ಎಕ್ಸಾಸ್ಟ್ ಕಟ್ಟಿದೆ.

ಮ್ಯಾಪ್ ಗಾಡಿಯಲ್ಲಿ ಕಪ್ಪು ಹೊಗೆ, ಮೈನಸ್ ಟ್ರಿಮ್ ಕಂಡರೆ ದೊಡ್ಡ ಕೆಲಸಕ್ಕೆ ಹೋಗುವ ಮುಂಚೆ ಮ್ಯಾಪ್ ಸೆನ್ಸರ್‌ನ ಸಣ್ಣ ರಬ್ಬರ್ ಹೋಸ್ ನೋಡಿ. ಬಿರುಕು ಬಿಟ್ಟಿದ್ದರೆ ಸೆನ್ಸರ್‌ಗೆ ಹೊರಗಿನ ಒತ್ತಡ ಸೇರುತ್ತದೆ, ಲೋಡ್ ಜಾಸ್ತಿ ಅನ್ನಿಸುತ್ತದೆ. ಕೈಯಷ್ಟುದ್ದದ ಹೋಸ್‌ನಲ್ಲಿ ಮುಗಿಯುವ ಕೆಲಸಕ್ಕೆ ಎಂಜಿನ್ ಬಿಚ್ಚಬೇಕಿಲ್ಲ, ಅಲ್ವಾ?

ಎಲ್ಲ ಕಡೆ ಒಂದೇ ಪ್ಲಸ್ ಬಂದರೆ

ಐಡ್ಲಿಂಗ್‌ನಲ್ಲೂ ಪ್ಲಸ್ 4, 2500ರಲ್ಲೂ ಪ್ಲಸ್ 4, ಲೋಡ್ ಮೇಲೂ ಅಷ್ಟೇ. ಸೆನ್ಸರ್ ದೋಷ ಹೀಗೆ ಸಮನಾಗಿ ಬರುವುದು ಕಡಿಮೆ. ಬಂಕ್‌ನ ಪೆಟ್ರೋಲ್ ನೆನಪಿಗೆ ಬರಬೇಕು. ಶುದ್ಧ ಪೆಟ್ರೋಲ್‌ಗೆ ಒಂದಕ್ಕೆ 14.7 ಪಾಲು ಗಾಳಿ. ಶೇಕಡ 10 ಎಥನಾಲ್ ಬೆರೆತ ಇ10ಗೆ 14.1. ಶೇಕಡ 20 ಬೆರೆತ ಇ20ಗೆ 13.5. ಇ10 ಕಾಲದಲ್ಲಿ ಟ್ಯೂನ್ ಮಾಡಿಸಿದ ಗಾಡಿಗೆ ಈಗ ಇ20 ಹಾಕಿದರೆ ಶೇಕಡ 4ರಷ್ಟು ಪೆಟ್ರೋಲ್ ಜಾಸ್ತಿ ಬೇಕು. ಟ್ರಿಮ್ ಅದನ್ನು ಕೊಡುತ್ತದೆ. ಆದರೆ ಪೂರ್ತಿ ತುಳಿದಾಗ ಹಲವು ಇಸಿಯುಗಳು ಆಕ್ಸಿಜನ್ ಸೆನ್ಸರ್ ಮಾತು ಕೇಳದೆ ಟೇಬಲ್ ಪ್ರಕಾರವೇ ಬಿಡುತ್ತವೆ. ಅಲ್ಲಿ ಸರಿಮಾಡುವವರು ಇಲ್ಲ. ಟರ್ಬೊ ಗಾಡಿಯವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಮಿಶ್ರಣವನ್ನು ಅಂಕಿಯಲ್ಲಿ ತೋರಿಸುವ ವೈಡ್‌ಬ್ಯಾಂಡ್ ಗೇಜ್ ಇದ್ದವರು ಲ್ಯಾಂಬ್ಡಾದಲ್ಲಿ, ಅಂದರೆ ಸರಿಯಾದ ಮಿಶ್ರಣಕ್ಕೆ 1 ಅಂತ ಇಟ್ಟ ಅಳತೆಯಲ್ಲಿ, ಓದುವುದೇ ಕ್ಷೇಮ. 14.7ರ ಸ್ಕೇಲ್ ಹಾಕಿದ ಗೇಜ್ ಇ20ಯಲ್ಲೂ ಸರಿಯಾದ ಮಿಶ್ರಣಕ್ಕೆ 14.7 ಅಂತಲೇ ತೋರಿಸುತ್ತದೆ.

ಬಿಸಿಲಲ್ಲಿ ನಿಂತ ಗಾಡಿ

ಏಪ್ರಿಲ್ ಮಧ್ಯಾಹ್ನ. ದೂರದಿಂದ ಓಡಿ ಬಂದ ಗಾಡಿ ಹೋಟೆಲ್ ಮುಂದೆ ಊಟಕ್ಕೆ ನಿಂತಿದೆ. ವಾಪಸ್ ಸ್ಟಾರ್ಟ್ ಮಾಡಿದರೆ ಮೊದಲ ಒಂದೆರಡು ನಿಮಿಷ ತಡವರಿಸುತ್ತದೆ, ಆಮೇಲೆ ಸರಿ. ಸ್ಪೀಡ್ ಡೆನ್ಸಿಟಿ ಗಾಡಿಯಲ್ಲಿ ಇದು ಬಹಳ ಸಾಮಾನ್ಯ. ಮ್ಯಾನಿಫೋಲ್ಡ್‌ನಲ್ಲಿ ಕೂತ ಐಎಟಿ ಎಂಜಿನ್ ಬಿಸಿಗೆ 65 ಡಿಗ್ರಿ ತಲುಪಿರುತ್ತದೆ. ಒಳಬರುತ್ತಿರುವ ಗಾಳಿ 40 ಡಿಗ್ರಿ. ಗಾಳಿ ತೆಳುವಾಗಿದೆ ಅಂದುಕೊಂಡು ಇಸಿಯು ಶೇಕಡ 7ರಷ್ಟು ಪೆಟ್ರೋಲ್ ಕಡಿಮೆ ಬಿಡುತ್ತದೆ. ಐಎಟಿಯನ್ನು ಫಿಲ್ಟರ್ ಕಡೆಗೆ ಅಥವಾ ಇಂಟರ್‌ಕೂಲರ್ ಆದ ಮೇಲಿನ ಪೈಪಿಗೆ ಸರಿಸಿದರೆ ಬಹುಪಾಲು ಹೋಗುತ್ತದೆ. ಮ್ಯಾಫ್ ಗಾಡಿಯ ಗಾಳಿ ಲೆಕ್ಕಕ್ಕೆ ಇದರ ಕಾಟ ಇಲ್ಲ.

ನಂದಿ ಬೆಟ್ಟದ ಪರೀಕ್ಷೆ

ನಮ್ಮ ಜಿಲ್ಲೆಯಲ್ಲಿ ಎತ್ತರದ ಪರೀಕ್ಷೆಗೆ ದೂರ ಹೋಗಬೇಕಿಲ್ಲ. ನಂದಿ ಬೆಟ್ಟದ ತುದಿ 1478 ಮೀಟರ್. ಮೇಲೆ ಒತ್ತಡ ಸುಮಾರು 85 ಕಿಲೊಪಾಸ್ಕಲ್. ಕೆಳಗಿಗಿಂತ ಆರು ಕಡಿಮೆ.

ಮ್ಯಾಫ್‌ಗೆ ಇದು ವಿಷಯವೇ ಅಲ್ಲ. ಬಂದಷ್ಟು ಗಾಳಿಯನ್ನು ತೂಗುತ್ತದೆ. ಸ್ಪೀಡ್ ಡೆನ್ಸಿಟಿಗೂ ಮುಖ್ಯ ಲೆಕ್ಕ ತಪ್ಪುವುದಿಲ್ಲ, ಮ್ಯಾಪ್ ಇರುವ ಒತ್ತಡವನ್ನೇ ಹೇಳುತ್ತದೆ. ಆದರೆ ಹೊರಗಿನ ಒತ್ತಡ ಇಳಿದಾಗ ಎಕ್ಸಾಸ್ಟ್ ಸುಲಭವಾಗಿ ಖಾಲಿಯಾಗುತ್ತದೆ. ಅದೇ ಮ್ಯಾಪ್‌ನಲ್ಲಿ ಸಿಲಿಂಡರ್ ಸ್ವಲ್ಪ ಜಾಸ್ತಿ ತುಂಬಿಕೊಳ್ಳುತ್ತದೆ. ಬ್ಯಾರೊ (ಹೊರಗಿನ ಗಾಳಿ ಒತ್ತಡದ) ತಿದ್ದುಪಡಿ ಇಲ್ಲದ ಟ್ಯೂನ್‌ನಲ್ಲಿ ಟ್ರಿಮ್ ಪ್ಲಸ್ ಕಡೆ ನಿಧಾನಕ್ಕೆ ಜಾರುತ್ತದೆ. ಕೆಲವು ಇಸಿಯುಗಳು ಕೀ ಆನ್ ಮಾಡಿದ ಕ್ಷಣದ ಮ್ಯಾಪನ್ನೇ ಹೊರಗಿನ ಒತ್ತಡ ಅಂತ ಇಟ್ಟುಕೊಳ್ಳುತ್ತವೆ. ಕೆಳಗೆ ಸ್ಟಾರ್ಟ್ ಮಾಡಿ ನಿಲ್ಲಿಸದೆ ಹತ್ತಿದರೆ ಆ ಅಂಕಿ ಹಳೆಯದೇ. ಮೇಲೆ ಒಮ್ಮೆ ಆಫ್ ಮಾಡಿ ಆನ್ ಮಾಡಿದಾಗ ಗಾಡಿ ಸರಿಹೋದರೆ ಗುಟ್ಟು ಇಲ್ಲೇ ಇದೆ. ಬ್ಯಾರೊಗೆ ಬೇರೆ ಸೆನ್ಸರ್ ಹಾಕಿಸಿ.

ಥ್ರಾಟಲ್ ಮತ್ತು ಆರ್‌ಪಿಎಂ ಮಾತ್ರ ನೋಡುವ ಆಲ್ಫಾ ಎನ್ ಟ್ಯೂನ್ ಆದರೆ ಬೆಟ್ಟದ ಮೇಲೆ ನೇರವಾಗಿ ಶೇಕಡ 6, 7 ಪೆಟ್ರೋಲ್ ಜಾಸ್ತಿ ಬೀಳುತ್ತದೆ. ಪ್ರತಿ ಸಿಲಿಂಡರ್‌ಗೆ ಬೇರೆ ಥ್ರಾಟಲ್ ಇರುವ ರೇಸ್ ಎಂಜಿನ್ ಬಿಟ್ಟರೆ ರಸ್ತೆ ಗಾಡಿಗೆ ಅದು ಬೇಡವೇ ಬೇಡ.

ಸರಿ, ಈಗ ಯಾವುದು?

ದೋಷ ತೆಗೆದ ಮೇಲೆ ಉಳಿದ ಪ್ರಶ್ನೆ ಸಣ್ಣದು. ಕಂಪನಿ ಮ್ಯಾಫ್ ಇದೆ, ಎಂಜಿನ್ ಒಳಗೆ ಏನೂ ಬದಲಾಗಿಲ್ಲ, ಫಿಲ್ಟರ್, ಸೈಲೆನ್ಸರ್, ರೀಮ್ಯಾಪ್ (ಇಸಿಯು ಟೇಬಲ್ ತಿದ್ದುವುದು) ಅಷ್ಟೇ ಆಗಿದೆ ಅಂದರೆ ಮ್ಯಾಫ್ ಇರಲಿ. ಎಂಜಿನ್ ಹಳೆಯದಾದಂತೆ ವಿಇ ಬದಲಾಗುತ್ತದೆ. ಮ್ಯಾಫ್ ಅದನ್ನು ತಾನಾಗೇ ಅಳೆದುಕೊಳ್ಳುತ್ತದೆ. ವಿಇ ಟೇಬಲ್ ಬರೆದ ದಿನ ಹೇಗಿತ್ತೋ ಹಾಗೇ ಇರುತ್ತದೆ.

ಸ್ಪೀಡ್ ಡೆನ್ಸಿಟಿ ನಿಜವಾಗಿ ಬೇಕಾಗುವುದು ಮ್ಯಾಫ್ ಅಳತೆಯ ತುದಿ ಮುಟ್ಟಿದಾಗ. ಸ್ಥೂಲವಾಗಿ 100 ಎಚ್‌ಪಿಗೆ ಸೆಕೆಂಡಿಗೆ 75 ಗ್ರಾಂ ಗಾಳಿ ಬೇಕು. ದೊಡ್ಡ ಟರ್ಬೊ ಹಾಕಿ ಪವರ್ ದುಪ್ಪಟ್ಟು ಮಾಡಿದರೆ ಕಂಪನಿ ಸೆನ್ಸರ್ 5 ವೋಲ್ಟ್‌ಗೆ ಹೋಗಿ ನಿಂತುಬಿಡಬಹುದು. ಅದರ ಮೇಲೆ ಬಂದ ಗಾಳಿ ಕಾಣುವುದೇ ಇಲ್ಲ. ಲಾಗ್‌ನಲ್ಲಿ ಆರ್‌ಪಿಎಂ ಏರುತ್ತಿದ್ದರೂ ಮ್ಯಾಫ್ ಗೆರೆ ಚಪ್ಪಟೆ ಆಗಿದ್ದರೆ ಬದಲಾಯಿಸುವ ಹೊತ್ತು ಬಂದಿದೆ. ಪೈಪ್ ಹಾಕಲು ಜಾಗವೇ ಇಲ್ಲದಿದ್ದಾಗಲೂ ಸ್ಪೀಡ್ ಡೆನ್ಸಿಟಿ ಸುಲಭ.

ಕಾನೂನಿನ ಮಾತು ಒಂದಿದೆ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಗಾಡಿಯನ್ನು ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಬದಲಾಯಿಸುವುದನ್ನು ತಡೆಯುತ್ತದೆ. ಟರ್ಬೊ ಹಾಕುವ ಮುಂಚೆ ಆರ್‌ಸಿ, ಇನ್ಶೂರೆನ್ಸ್ ಎರಡನ್ನೂ ಯೋಚಿಸಿ.

ಬದಲಾಯಿಸಿದ ಮೇಲೆ ಬರುವ ದೋಷಗಳು

ಮ್ಯಾಪ್ ಸೆನ್ಸರ್ ಸಾಲದೆ ಹೋಗುವುದು ಮೊದಲನೆಯದು. ಟರ್ಬೊ ಇಲ್ಲದ ಗಾಡಿಯ 1 ಬಾರ್ ಸೆನ್ಸರ್ 105 ಕಿಲೊಪಾಸ್ಕಲ್ ಹತ್ತಿರ ಮುಗಿಯುತ್ತದೆ. ಟರ್ಬೊಗೆ 2.5 ಅಥವಾ 3 ಬಾರ್‌ನದು ಬೇಕು. ಬೂಸ್ಟ್ ಗೇಜ್‌ನ ಅಂಕಿಯನ್ನು ಮ್ಯಾಪ್ ಅಂಕಿಯ ಜೊತೆ ಬೆರೆಸಬೇಡಿ. ಗೇಜ್ 1 ಬಾರ್ ತೋರಿಸಿದರೆ ಚಿಕ್ಕಬಳ್ಳಾಪುರದಲ್ಲಿ ಮ್ಯಾಪ್ 191, ಮಂಗಳೂರಲ್ಲಿ 201.

ವಿಇ ಟೇಬಲ್ ತಿದ್ದುವಾಗ ಎಂಜಿನ್ ಪೂರ್ತಿ ಬಿಸಿ ಇರಲಿ, ಆಕ್ಸಿಲರೇಟರ್ ಒಂದೇ ಸಮ ಹಿಡಿದಾಗಿನ ಓದನ್ನು ಮಾತ್ರ ತೆಗೆದುಕೊಳ್ಳಿ. ಹಳೆಯ ವಿಇಯನ್ನು ಓದಿದ ಲ್ಯಾಂಬ್ಡಾದಿಂದ ಗುಣಿಸಿ, ಬೇಕಾದ ಲ್ಯಾಂಬ್ಡಾದಿಂದ ಭಾಗಿಸಿ. ಕೋಷ್ಟಕದಲ್ಲಿ 60 ಇದ್ದು, 1.00 ಬೇಕಾದ ಕಡೆ 1.05 ಬಂದರೆ ಹೊಸ ಅಂಕಿ 63. ತಿದ್ದುವಾಗ ಟ್ರಿಮ್ ಆಫ್ ಇರಲಿ, ಇಲ್ಲದಿದ್ದರೆ ಟ್ರಿಮ್ ತಿದ್ದಿದ್ದನ್ನು ನೀವು ಇನ್ನೊಮ್ಮೆ ತಿದ್ದುತ್ತೀರಿ.

ಮುಗಿದ ಟೇಬಲ್ ಗುಡ್ಡದ ಇಳಿಜಾರಿನ ಹಾಗೆ ನಯವಾಗಿ ಇರಬೇಕು ಅನ್ನುವುದು ನಿಯಮ. ಮಧ್ಯೆ ಒಂದೇ ಕಡೆ ಗುಂಡಿ ಬಿದ್ದಿದ್ದರೆ ಅಲ್ಲಿನ ಲಾಗ್ ಮತ್ತೆ ತೆಗೆಯಿರಿ. ಟರ್ಬೊ ಇಲ್ಲದ ಸಾಧಾರಣ ಎಂಜಿನ್‌ಗೆ ವಿಇ 130 ಅಂತ ಬರೆದರೆ ಮಾತ್ರ ಮಿಶ್ರಣ ಸರಿಬರುತ್ತೆ ಅನ್ನುವಂತಾದರೆ ತಪ್ಪು ವಿಇಯಲ್ಲಿ ಇಲ್ಲ. ಇಂಜೆಕ್ಟರ್ ಗಾತ್ರ ಅಥವಾ ಪೆಟ್ರೋಲ್ ಪ್ರೆಷರ್ ತಪ್ಪಾಗಿ ಬರೆದಿದ್ದಾರೆ. ಎಸಿ, ಹೆಡ್‌ಲೈಟ್ ಹಾಕಿದಾಗ ಮಾತ್ರ ಐಡ್ಲಿಂಗ್‌ನಲ್ಲಿ ಪೆಟ್ರೋಲ್ ಕಡಿಮೆ ಆದರೆ ಇಂಜೆಕ್ಟರ್‌ನ ಡೆಡ್ ಟೈಮ್ ನೋಡಿ. ವೋಲ್ಟೇಜ್ ಇಳಿದಾಗ ಇಂಜೆಕ್ಟರ್ ತೆರೆಯುವುದು ತಡವಾಗುತ್ತದೆ, ಟೇಬಲ್‌ನಲ್ಲಿ ಅದರ ಲೆಕ್ಕ ಸರಿ ಇಲ್ಲ.

ದೊಡ್ಡ ಕ್ಯಾಮ್ ಹಾಕಿದ ಎಂಜಿನ್‌ನಲ್ಲಿ ಐಡ್ಲಿಂಗ್ ಮ್ಯಾಪ್ 45, 60, 50 ಅಂತ ಕುಣಿಯುತ್ತದೆ. ಹೋಸನ್ನು ಒಂದು ಸಿಲಿಂಡರ್‌ನ ಪೈಪಿನಿಂದ ತೆಗೆದಿದ್ದರೆ ಬದಲಾಯಿಸಿ, ಎಲ್ಲ ಸಿಲಿಂಡರ್‌ಗೂ ಸೇರಿದ ಗಾಳಿ ಡಬ್ಬಿಯಾದ ಪ್ಲೀನಮ್‌ನಿಂದ ತೆಗೆಯಿರಿ. ಆಮೇಲೂ ಕುಣಿದರೆ ಇಸಿಯುನಲ್ಲಿ ಮ್ಯಾಪ್ ಓದುವ ಸಮಯವನ್ನು ಕ್ರ್ಯಾಂಕ್ ತಿರುಗುವುದಕ್ಕೆ ಹೊಂದಿಸಿ, ಒಂದು ಸುತ್ತಿನ ಸರಾಸರಿ ತೆಗೆದುಕೊಳ್ಳುವಂತೆ ಮಾಡಿ. ಫಿಲ್ಟರಿಂಗ್ ಜಾಸ್ತಿ ಏರಿಸಿ ಕುಣಿತ ಅಡಗಿಸಲು ಹೋಗಬೇಡಿ. ಐಡ್ಲಿಂಗ್ ಸರಿಯಾಗಿ ನಿಂತರೂ ಥಟ್ಟನೆ ತುಳಿದಾಗ ಮ್ಯಾಪ್ ತಡವಾಗಿ ಏಳುತ್ತದೆ, ಗಾಡಿ ಒಂದು ಕ್ಷಣ ಸಾಯುತ್ತದೆ.